ಮೂರು ಊರು, ನಾಲ್ಕು ಲಿಪಿ

ಊರಿಗೆ ಹೆಸರು ಒಂದೇ ಇರಬಹುದು. ಆದರೆ ಆ ಹೆಸರನ್ನು ಬರೆಯುವ ಲಿಪಿಗಳು ಹಲವಾಗಬಹುದು. ಕಲಬುರಗಿ ಜಿಲ್ಲೆಯ ಭೂಪಟದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳನ್ನು ಗುರುತಿಸಿಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಮೂರೂ ತೊಗರಿ ಬೆಳೆಯುವ ನೆಲ. ಆಳಂದ ಮತ್ತು ಅಫಜಲಪುರಗಳಿಗೆ ಮಹಾರಾಷ್ಟ್ರದ ಗಡಿ ತಾಗಿಕೊಂಡಿದೆ. ಭೀಮಾ ನದಿಯು ಅಫಜಲಪುರದ ಸೀಮೆಯನ್ನು ಹಾದು ಜೇವರ್ಗಿಯ ಕಡೆಗೆ ಹರಿಯುತ್ತದೆ.

1948ರವರೆಗೆ ಈ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ಜನರ ಆಡುಮಾತು ಕನ್ನಡವಾಗಿದ್ದರೂ ಸರಕಾರದ ದಫ್ತರಗಳಲ್ಲಿ ಉರ್ದು ನಡೆಯುತ್ತಿತ್ತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯದಲ್ಲಿ ಸೇರಿದ ಮೇಲೆ ಕನ್ನಡವು ತನ್ನ ಸ್ಥಾನವನ್ನು ಪಡೆಯಿತು. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಬರುವ ಮರಾಠಿ ಯಾತ್ರಿಕರು ಈ ಊರುಗಳ ಹೆಸರನ್ನು ದೇವನಾಗರಿಯಲ್ಲಿ ಓದುತ್ತಾರೆ. ಬ್ಯಾಂಕಿನ ಪುಸ್ತಕ, ಪರೀಕ್ಷೆಯ ಅಂಕಪಟ್ಟಿ, ಪ್ರಯಾಣದ ಚೀಟಿಗಳಲ್ಲಿ ರೋಮನ್ ಲಿಪಿ ಕಾಣಿಸಿಕೊಳ್ಳುತ್ತದೆ. ಹೀಗೆ ಮೂರು ಊರುಗಳಿಗೆ ನಾಲ್ಕು ಲಿಪಿಗಳಾದವು.

ಒಂದು ಭಾಷೆಯ ಮಾತಿನ ಅರ್ಥವನ್ನು ಇನ್ನೊಂದು ಭಾಷೆಗೆ ತರುವುದು ಭಾಷಾಂತರ. ಅರ್ಥವನ್ನು ಮುಟ್ಟದೆ, ಅದೇ ಮಾತಿನ ಬರಹವನ್ನು ಮಾತ್ರ ಒಂದು ಲಿಪಿಯಿಂದ ಇನ್ನೊಂದಕ್ಕೆ ಒಯ್ಯುವುದು ಲಿಪ್ಯಂತರ. ಹಿಂದೆ ಗುಮಾಸ್ತರು ಕೈಯಿಂದ ಮಾಡುತ್ತಿದ್ದ ಈ ಕೆಲಸವನ್ನು ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಮಾಡಿ ಮುಗಿಸುತ್ತದೆ. ಒಂದು ಅಕ್ಷರವನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟರಾಯಿತು, ಇದರಲ್ಲೇನು ವಿಶೇಷ ಎಂದು ಮೇಲುನೋಟಕ್ಕೆ ತೋರಬಹುದು. ನಮ್ಮ ಮೂರು ಊರುಗಳ ಹೆಸರನ್ನೇ ಯಂತ್ರದ ಮುಂದಿಟ್ಟು ಪರೀಕ್ಷಿಸಿದರೆ ಆ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದು ತಿಳಿಯುವುದು. ವಿಚಿತ್ರವೆಂದರೆ ಮೂರು ಹೆಸರುಗಳೂ ಮೂರು ಬೇರೆ ಬೇರೆ ತೊಡಕುಗಳನ್ನು ನಮ್ಮೆದುರಿಗೆ ತಂದೊಡ್ಡುತ್ತವೆ.

ಅಕ್ಷರಕ್ಕೊಂದು ಅಂಕಿ

ಗಣಕಯಂತ್ರಕ್ಕೆ ಅಕ್ಷರವೆಂದರೇನೆಂದು ತಿಳಿಯದು. ಅದು ಬಲ್ಲದ್ದು ಅಂಕಿಗಳನ್ನು ಮಾತ್ರ. ಆದ್ದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಅಂಕಿಯನ್ನು ಗೊತ್ತುಮಾಡಿಕೊಳ್ಳಬೇಕು. ಇದನ್ನು ಸಂಕೇತಾಂಕ ಎನ್ನೋಣ. ಜಗತ್ತಿನ ಎಲ್ಲ ಲಿಪಿಗಳಿಗೂ ಹೀಗೆ ಸಂಕೇತಾಂಕಗಳನ್ನು ಹಂಚಿಕೊಡುವ ಏರ್ಪಾಟಿಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಅದಕ್ಕೆ ಮುಂಚೆಯೇ ನಮ್ಮ ದೇಶದಲ್ಲಿ ‘ಇಸ್ಕಿ’ ಎಂಬ ಭಾರತೀಯ ಸಂಕೇತ ಪದ್ಧತಿಯೊಂದು ರೂಪುಗೊಂಡಿತ್ತು. ಅದರಲ್ಲಿ ಕನ್ನಡದ ‘ಕ’ಕಾರಕ್ಕೂ ತೆಲುಗಿನ ‘ಕ’ಕಾರಕ್ಕೂ ದೇವನಾಗರಿಯ ‘ಕ’ಕಾರಕ್ಕೂ ಒಂದೇ ಅಂಕಿ, ಲಿಪಿ ಯಾವುದೆಂಬುದನ್ನು ಬೇರೆಯಾಗಿ ಸೂಚಿಸಿದರೆ ಸಾಕಾಗುತ್ತಿತ್ತು. ಯೂನಿಕೋಡಿನವರು 1988ರ ಇಸ್ಕಿಯ ಅನುಕ್ರಮವನ್ನೇ ಆಧಾರವಾಗಿಟ್ಟುಕೊಂಡು, ಒಂದೊಂದು ಲಿಪಿಗೂ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ಕೊಟ್ಟರು.

ಇದನ್ನು ಒಂದು ಬೀದಿಗೆ ಹೋಲಿಸಬಹುದು. ಬೀದಿಯಲ್ಲಿ ಮೊದಲ ಮನೆ ದೇವನಾಗರಿಯದು; ಅನಂತರ ಕ್ರಮವಾಗಿ ಬಂಗಾಳಿ, ಗುರುಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು, ಕನ್ನಡಗಳ ಮನೆಗಳು. ಪ್ರತಿ ಮನೆಯಲ್ಲಿಯೂ 128 ಕೋಣೆಗಳು. ಯಾವ ಮನೆಯಲ್ಲಿ ನೋಡಿದರೂ ‘ಕ’ಕಾರವು ವಾಸಿಸುವ ಕೋಣೆ ಒಂದೇ, ‘ಮ’ಕಾರದ ಕೋಣೆಯೂ ಒಂದೇ. ದೇವನಾಗರಿಯ ಮನೆಯಿಂದ ಕನ್ನಡದ ಮನೆಗೆ ಏಳು ಮನೆಗಳ ಅಂತರ. 7ನ್ನು 128ರಿಂದ ಗುಣಿಸಿದರೆ 896. ದೇವನಾಗರಿಯ ‘ಕ’ಕಾರದ ಸಂಕೇತಾಂಕ 2325, ಅದಕ್ಕೆ 896 ಕೂಡಿಸಿದರೆ 3221. ಅದೇ ಕನ್ನಡದ ‘ಕ’ಕಾರ!

ಹಾಗಾದರೆ ದೇವನಾಗರಿಯ ಬರಹವನ್ನು ಕನ್ನಡಕ್ಕೆ ತಿರುಗಿಸಲು ಪ್ರತಿ ಅಂಕಿಗೂ 896 ಕೂಡಿಸಿದರೆ ಸಾಕು, ಕನ್ನಡದಿಂದ ದೇವನಾಗರಿಗೆ ಹೋಗಲು ಅಷ್ಟನ್ನೇ ಕಳೆದರೆ ಸಾಕು. ಪ್ರಾಥಮಿಕ ಶಾಲೆಯ ಕೂಡುವಿಕೆ ಕಳೆಯುವಿಕೆಗಳಿಂದಲೇ ಲಿಪ್ಯಂತರವು ಮುಗಿದುಹೋಗುತ್ತದೆ. ಪೈಥಾನ್ ಮೊದಲಾದ ಕ್ರಮವಿಧಿ ಭಾಷೆಗಳಲ್ಲಿ ಅಕ್ಷರವನ್ನು ಕೊಟ್ಟರೆ ಅಂಕಿಯನ್ನೂ, ಅಂಕಿಯನ್ನು ಕೊಟ್ಟರೆ ಅಕ್ಷರವನ್ನೂ ಹೇಳುವ ಸಿದ್ಧ ಆಜ್ಞೆಗಳಿವೆ. ಅವುಗಳ ನೆರವಿನಿಂದ ವಿದ್ಯಾರ್ಥಿಗಳು ಈ ಯಂತ್ರವನ್ನು ಐದಾರು ಸಾಲುಗಳಲ್ಲಿ ತಾವೇ ರಚಿಸಿಕೊಳ್ಳಬಹುದು.

ಇಷ್ಟು ಸುಲಭವಾದುದಕ್ಕೆ ಕಾರಣವು ಗಣಕಯಂತ್ರದ ಜಾಣ್ಮೆಯಲ್ಲಿಲ್ಲ, ಇತಿಹಾಸದಲ್ಲಿದೆ. ಕನ್ನಡ, ತೆಲುಗು, ದೇವನಾಗರಿ, ಬಂಗಾಳಿಗಳೆಲ್ಲವೂ ಬ್ರಾಹ್ಮೀ ಎಂಬ ಒಂದೇ ತಾಯಿಯ ಮಕ್ಕಳು. ಆ ತಾಯಿಲಿಪಿಯನ್ನು ನೋಡಲು ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಭೀಮಾ ತೀರದ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತ ಅಶೋಕನ ಶಾಸನವು ಬ್ರಾಹ್ಮೀ ಲಿಪಿಯಲ್ಲಿಯೇ ಇದೆ. ಮಕ್ಕಳ ಮುಖಗಳು ಬೇರೆಯಾದರೂ ಸ್ವರ, ವ್ಯಂಜನ, ಗುಣಿತ, ಒತ್ತಕ್ಷರಗಳೆಂಬ ಮೈಕಟ್ಟು ಒಂದೇ ಆಗಿ ಉಳಿಯಿತು. 896 ಎಂಬ ಅಂಕಿಯು ಆ ರಕ್ತಸಂಬಂಧದ ಗುರುತು.

ಆದರೆ ಅಣ್ಣತಮ್ಮಂದಿರ ಮನೆಗಳಲ್ಲಿ ಕೋಣೆಗಳೆಲ್ಲವೂ ಸಮನಾಗಿ ಬಳಕೆಯಲ್ಲಿರುವುದಿಲ್ಲ. ಕನ್ನಡದಲ್ಲಿ ‘ಕೊಡು’ ಬೇರೆ, ‘ಕೋಡು’ ಬೇರೆ. ‘ಒ’ಕಾರದ ಹ್ರಸ್ವ ದೀರ್ಘಗಳಿಂದ ಅರ್ಥವೇ ಬದಲಾಗುತ್ತದೆ. ಮರಾಠಿ ಹಿಂದಿಗಳ ರೂಢಿಯ ಬರಹದಲ್ಲಿ ಈ ಭೇದವಿಲ್ಲ. ದೇವನಾಗರಿಯ ವಿಭಾಗದಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ಸಂಕೇತಾಂಕಗಳೇನೋ ಇವೆ, ಆದರೆ ಮರಾಠಿ ಶಾಲೆಯ ಹುಡುಗನು ಆ ಚಿಹ್ನೆಗಳನ್ನು ಕಂಡರಿಯನು. ಅವನಿಗೆ ತಿಳಿಯಲೆಂದು ‘ತೊಗರಿ’ಯನ್ನು ರೂಢಿಯ ದೇವನಾಗರಿಯಲ್ಲಿ ಬರೆದುಕೊಟ್ಟರೆ, ಮರಳಿ ಕನ್ನಡಕ್ಕೆ ಬರುವಾಗ ಅದು ‘ತೋಗರಿ’ಯಾಗಿ ಬರುತ್ತದೆ. ಕೂಡುವ ಕಳೆಯುವ ಲೆಕ್ಕದಲ್ಲಿ ದೋಷವಿಲ್ಲ; ಓದುವವನ ಕಣ್ಣಿನ ರೂಢಿ ಬೇರೆ, ಅಷ್ಟೆ.

ಜೇವರ್ಗಿ: ಕಿವಿಯ ಕ್ರಮ, ಕಣ್ಣಿನ ಕ್ರಮ

‘ಜೇವರ್ಗಿ’ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿದರೆ ‘ರ’ಕಾರದ ಧ್ವನಿಯು ‘ಗ’ಕಾರಕ್ಕೆ ಮೊದಲು ಕೇಳಿಸುತ್ತದೆ. ಬರಹದಲ್ಲಾದರೋ ಮೊದಲು ‘ಗಿ’ ಬಂದು, ಅದರ ಬಲಗಡೆಗೆ ಅರ್ಕಾವತ್ತು ಕೂರುತ್ತದೆ. ಕಿವಿಗೆ ಮುಂಚಿನದು ಕಣ್ಣಿಗೆ ಹಿಂದಿನದು. ದೇವನಾಗರಿಯಲ್ಲಿ ತೊಡಕು ಇನ್ನೂ ಹೆಚ್ಚು: ಅಲ್ಲಿ ‘ರ’ಕಾರವು ಕೊಂಬಿನಂತೆ ಅಕ್ಷರದ ತಲೆಯ ಮೇಲೇರುತ್ತದೆ; ಹ್ರಸ್ವ ‘ಇ’ಕಾರದ ಚಿಹ್ನೆಯು ವ್ಯಂಜನದ ಎಡಕ್ಕೆ ಬಂದು ನಿಲ್ಲುತ್ತದೆ. ಹೀಗಿರುವಲ್ಲಿ ಯಂತ್ರವು ಯಾವ ಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು?

ಯೂನಿಕೋಡಿನ ಉತ್ತರ ಸರಳವಾದುದು: ನೆನಪಿನಲ್ಲಿಡುವುದು ಕಿವಿಯ ಕ್ರಮ, ಕಣ್ಣಿನ ಕ್ರಮವನ್ನು ತೋರಿಸುವುದು ಅಕ್ಷರಗಳ ಆಕಾರವನ್ನು ಬಿಡಿಸುವ ಫಾಂಟಿನ ಹೊಣೆ. ಅಂತೆಯೇ ‘ಜೇವರ್ಗಿ’ಯು ಯಂತ್ರದಲ್ಲಿ ಏಳು ಅಂಕಿಗಳಾಗಿ ಉಳಿಯುತ್ತದೆ: ಜ 3228, ಏತ್ವದ ದೀರ್ಘಚಿಹ್ನೆ 3271, ವ 3253, ರ 3248, ಹಲಂತ 3277, ಗ 3223, ಗುಡಿಸು 3263. ಎಲ್ಲದರಿಂದಲೂ 896 ಕಳೆದರೆ ದೇವನಾಗರಿಯ ಏಳು ಅಂಕಿಗಳು ಅದೇ ಕ್ರಮದಲ್ಲಿ ದೊರೆಯುತ್ತವೆ. ಕೊಂಬನ್ನು ತಲೆಗೇರಿಸುವ ಚಿಂತೆ ಲಿಪ್ಯಂತರದ ಕ್ರಮವಿಧಿಗೆ ಇಲ್ಲ.

ಯೂನಿಕೋಡ್ ಬಳಕೆಗೆ ಬರುವ ಮುನ್ನ ಪ್ರಚಾರದಲ್ಲಿದ್ದ ಕನ್ನಡ ಫಾಂಟುಗಳ ಸ್ಥಿತಿ ಹೀಗಿರಲಿಲ್ಲ. ಅವು ಧ್ವನಿಯನ್ನು ಬಿಟ್ಟು ಆಕಾರಕ್ಕೆ ಅಂಕಿಯನ್ನು ಕೊಟ್ಟಿದ್ದವು. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಇಳಿ, ಒತ್ತುಗಳ ಚೂರುಗಳನ್ನು ಜೋಡಿಸಿದ್ದವು. ಅಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ‘ಗಿ’ಯ ಅನಂತರವೇ ಬರುತ್ತದೆ. ಅಂಥ ಹಳೆಯ ಕಡತವನ್ನು ಯೂನಿಕೋಡಿಗೆ ತರುವಾಗ ಕ್ರಮವಿಧಿಯು ಅರ್ಕಾವತ್ತನ್ನು ಕಂಡೊಡನೆ ಹಿಂದಕ್ಕೆ ನಡೆದು, ಒತ್ತು ಗುಣಿತಗಳನ್ನೆಲ್ಲ ದಾಟಿ, ಆ ಅಕ್ಷರಗುಚ್ಛದ ಮುಂದೆ ‘ರ’ಕಾರವನ್ನೂ ಹಲಂತವನ್ನೂ ಇರಿಸಬೇಕಾಗುತ್ತದೆ. ಒಂದು ಹೆಜ್ಜೆ ತಪ್ಪಿದರೂ ಊರಿನ ಹೆಸರು ‘ಜೇವಗಿರ್’ ಆಗುವುದು.

ಜೇವರ್ಗಿಯನ್ನು ರೋಮನ್ ಲಿಪಿಗೆ ಒಯ್ಯುವಾಗ ಇನ್ನೊಂದು ಸೂಕ್ಷ್ಮವು ಎದುರಾಗುತ್ತದೆ. ಕನ್ನಡದ ವ್ಯಂಜನದ ಹೊಟ್ಟೆಯೊಳಗೆ ‘ಅ’ಕಾರವು ಅಡಗಿರುತ್ತದೆ. ರೋಮನ್ ಲಿಪಿಯಲ್ಲಿ ಸ್ವರವನ್ನು ಬೇರೆಯಾಗಿಯೇ ಬರೆಯಬೇಕು. ಆದಕಾರಣ ಯಂತ್ರವು ಪ್ರತಿ ವ್ಯಂಜನದ ಬಳಿ ನಿಂತು ಮುಂದಿನ ಅಂಕಿಯನ್ನು ಇಣಿಕಿ ನೋಡಬೇಕು. ಅಲ್ಲಿ ಗುಣಿತದ ಚಿಹ್ನೆಯಿದ್ದರೆ ಆ ಸ್ವರವನ್ನು ಬರೆಯಬೇಕು. ಹಲಂತವಿದ್ದರೆ ಯಾವ ಸ್ವರವನ್ನೂ ಬರೆಯಬಾರದು. ಎರಡೂ ಇಲ್ಲದಿದ್ದರೆ ಅಡಗಿರುವ ‘ಅ’ಕಾರವನ್ನು ಹೊರಗೆಳೆದು ಬರೆಯಬೇಕು. ಈ ನಿಯಮದಂತೆ ‘ಜ’ದ ಮುಂದೆ ಏತ್ವದೀರ್ಘ, ‘ವ’ದ ಮುಂದೆ ಏನೂ ಇಲ್ಲ, ‘ರ’ದ ಮುಂದೆ ಹಲಂತ, ‘ಗ’ದ ಮುಂದೆ ಗುಡಿಸು, ಆದ್ದರಿಂದ ಜ್-ಏ, ವ್-ಅ, ರ್, ಗ್-ಇ ಎಂಬ ಸರಣಿ ಸಿದ್ಧವಾಗುತ್ತದೆ. ಎಷ್ಟೇ ದೊಡ್ಡ ಕನ್ನಡ ಗ್ರಂಥವನ್ನಾದರೂ ಈ ಮೂರು ಸಾಲಿನ ನಿಯಮವು ನಿಭಾಯಿಸುತ್ತದೆ.

ಅಫಜಲಪುರ: ಚುಕ್ಕಿಯ ಪ್ರಶ್ನೆ

ಎರಡನೆಯ ಊರಿನ ಹೆಸರಿನಲ್ಲಿ ಕನ್ನಡದ ವರ್ಣಮಾಲೆಗೆ ಹೊರಗಿನಿಂದ ಬಂದ ಎರಡು ಧ್ವನಿಗಳಿವೆ. ‘ಅಫ್ಜಲ್’ ಎಂಬುದು ಅರಬ್ಬೀ ಮೂಲದ ಶಬ್ದ. ಅದರ ‘ಫ’ವು ‘ಫಲ’ದ ‘ಫ’ದಂತೆ ಮಹಾಪ್ರಾಣವಲ್ಲ, ಹಲ್ಲು ತುಟಿಗಳ ನಡುವಿನಿಂದ ಊದಿದಂತೆ ಬರುವ ಧ್ವನಿ. ಉರ್ದು ಬಲ್ಲವರು ಉಚ್ಚರಿಸುವ ಅದರ ‘ಜ’ವು ‘ಜನ’ದ ‘ಜ’ವಲ್ಲ, ದುಂಬಿಯ ಝೇಂಕಾರದಂತಹುದು. ದೇವನಾಗರಿಯಲ್ಲಿ ಇವನ್ನು ತೋರಿಸಲು ಅಕ್ಷರದ ಕೆಳಗೆ ಚುಕ್ಕಿಯನ್ನಿಡುವ ಪದ್ಧತಿಯುಂಟು; ಅದಕ್ಕೆ ನುಕ್ತಾ ಎಂದು ಹೆಸರು. ಕನ್ನಡದ ನುಕ್ತಾ ಚಿಹ್ನೆಯು ಯೂನಿಕೋಡಿನಲ್ಲಿ ಸ್ಥಾನ ಪಡೆದುದು 2003ರಲ್ಲಿ. ಅದರ ಅಂಕಿ 3260, ದೇವನಾಗರಿಯದು 2364. ಇಲ್ಲಿಯೂ ಅಂತರ 896ೇ.

ಇಷ್ಟಾದ ಮೇಲೆ ತೊಂದರೆ ಇರಬಾರದಷ್ಟೆ? ಆದರೆ ದೇವನಾಗರಿಯಲ್ಲಿ ಚುಕ್ಕಿಯುಳ್ಳ ‘ಫ’ವನ್ನು ಬರೆಯಲು ಎರಡು ದಾರಿಗಳಿವೆ. ‘ಫ’ ಮತ್ತು ಚುಕ್ಕಿಗಳನ್ನು ಎರಡು ಅಂಕಿಗಳಾಗಿ ಬರೆಯುವುದು ಒಂದು. ಇಡೀ ಅಕ್ಷರಕ್ಕೆಂದೇ ಕೊಟ್ಟ 2398 ಎಂಬ ಒಂಟಿ ಅಂಕಿಯನ್ನು ಬಳಸುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಈ 2398ಕ್ಕೆ 896 ಕೂಡಿಸಿದರೆ 3294. ಕನ್ನಡದ ಮನೆಯ ಆ ಕೋಣೆಯಲ್ಲಿ ಯಾರಿದ್ದಾರೆಂದು ನೋಡಿದರೆ, ಅಲ್ಲಿ ಕುಳಿತಿರುವುದು ಹಳಗನ್ನಡದ ‘ೞ’! ಹತ್ತನೆಯ ಶತಮಾನದ ಪಂಪನಿಗೆ ಪರಿಚಿತವಾಗಿದ್ದ, ಇಂದಿನ ಕನ್ನಡದಲ್ಲಿ ಬಳಕೆ ತಪ್ಪಿದ ಅಕ್ಷರವದು. ಇನ್ನೂ ಸ್ವಾರಸ್ಯವೆಂದರೆ ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ‘ಕನ್ನಡ ಅಕ್ಷರ ಫ’ ಎಂಬ ಅರ್ಥದ ಇಂಗ್ಲಿಷ್ ಹೆಸರೇ ಬಿದ್ದುಹೋಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಏರ್ಪಾಟಿನ ಕಟ್ಟುನಿಟ್ಟಾದ ನಿಯಮ. ಆದ್ದರಿಂದ ತಪ್ಪನ್ನು ಒಪ್ಪಿಕೊಂಡು ಪಕ್ಕದಲ್ಲಿ ಸರಿಯಾದ ಪರ್ಯಾಯ ಹೆಸರೊಂದನ್ನು ಕೊಟ್ಟಿದ್ದಾರೆ. ಕಣ್ಣುಮುಚ್ಚಿ 896 ಕೂಡಿಸುವ ಕ್ರಮವಿಧಿಯ ಕೈಯಲ್ಲಿ ಅಫಜಲಪುರದ ಎರಡನೆಯ ಅಕ್ಷರವು ಹಳಗನ್ನಡದ ‘ೞ’ವಾಗಿ ಪರಿಣಮಿಸುವುದು. ಇದಕ್ಕೆ ಪರಿಹಾರವೂ ಇದೆ: ಲಿಪ್ಯಂತರಕ್ಕೆ ಮುನ್ನ ಇಂತಹ ಒಂಟಿ ಅಂಕಿಗಳನ್ನು ಅಕ್ಷರ ಮತ್ತು ಚುಕ್ಕಿಗಳಾಗಿ ಬಿಡಿಸಿ ಏಕರೂಪಕ್ಕೆ ತರಬೇಕು.

ಇದಲ್ಲದೆ ಕನ್ನಡದಲ್ಲಿಯೇ ಈ ಊರಿಗೆ ಅಫಜಲಪುರ, ಅಫ್ಜಲಪುರ, ಅಫ್ಜಲ್‌ಪುರ ಎಂಬ ರೂಪಗಳು ಕಾಣುತ್ತವೆ. ಕೊನೆಯ ರೂಪದಲ್ಲಿ ‘ಲ್’ ಮತ್ತು ‘ಪು’ಗಳು ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯಲು 8204 ಎಂಬ ಅಂಕಿಯ ಒಂದು ಚಿಹ್ನೆಯನ್ನು ನಡುವೆ ಇಡಲಾಗುತ್ತದೆ. ಅದು ಕಣ್ಣಿಗೆ ಕಾಣದು, ಕಾಗದದಲ್ಲಿ ಮುದ್ರಣವಾಗದು. ಆದರೆ ಯಂತ್ರದ ಪಾಲಿಗೆ ಅದೂ ಒಂದು ಅಂಕಿಯೇ. ಹೀಗಾಗಿ ಮನುಷ್ಯನು ಒಂದೇ ಊರೆಂದು ಓದುವ ಮೂರು ಬರಹಗಳು ಯಂತ್ರಕ್ಕೆ ಮೂರು ಊರುಗಳಾಗುತ್ತವೆ.

ಆಳಂದ: ಕಳೆದುಹೋದ ಐದು ಉತ್ತರಗಳು

ಈವರೆಗಿನ ತೊಡಕುಗಳು ಎಚ್ಚರಿಕೆಯಿಂದ ಬಿಡಿಸಬಹುದಾದವು. ಆಳಂದದ ತೊಡಕು ಆ ಜಾತಿಯದಲ್ಲ. ರೋಮನ್ ಲಿಪಿಯಲ್ಲಿ ಈ ಊರನ್ನು ಎ, ಎಲ್, ಎ, ಎನ್, ಡಿ ಎಂಬ ಐದು ಅಕ್ಷರಗಳಿಂದ ಬರೆಯುತ್ತಾರೆ. ಊರನ್ನು ಅರಿಯದ ಯಂತ್ರವೊಂದು ಈ ಐದು ಅಕ್ಷರಗಳಿಂದ ಕನ್ನಡದ ಹೆಸರನ್ನು ಮರಳಿ ಪಡೆಯಬೇಕಾಗಿದೆ ಎಂದುಕೊಳ್ಳೋಣ. ಮೊದಲಿನದು ‘ಅ’ವೋ ‘ಆ’ವೋ? ಎರಡನೆಯದು ‘ಲ’ವೋ ‘ಳ’ವೋ? ಅದರ ಸ್ವರ ಹ್ರಸ್ವವೋ ದೀರ್ಘವೋ? ಕೊನೆಯದು ‘ದ’ವೋ ‘ಡ’ವೋ? ಅದರಲ್ಲಿ ‘ಅ’ಕಾರ ಉಂಟೋ ಇಲ್ಲವೋ? ಒಟ್ಟು ಐದು ಪ್ರಶ್ನೆಗಳು, ಪ್ರತಿಯೊಂದಕ್ಕೂ ಎರಡು ಉತ್ತರಗಳು. 2ನ್ನು ಐದು ಬಾರಿ ಗುಣಿಸಿದರೆ 32. ಅಲಂದ್, ಆಲಾಂಡ್, ಅಳಾಂಡ, ಆಳಂಡ್ ಎಂದು ಮೊದಲಾಗಿ ಮೂವತ್ತೆರಡು ಕನ್ನಡ ಹೆಸರುಗಳು ಆ ಒಂದೇ ರೋಮನ್ ಬರಹದ ಹಿಂದೆ ಅವಿತುಕೊಂಡಿವೆ. ಅವುಗಳಲ್ಲಿ ಒಂದು ಮಾತ್ರ ನಿಜ.

ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿದ 1948ರಲ್ಲಿಯೇ ಅಮೆರಿಕದ ಕ್ಲಾಡ್ ಶ್ಯಾನನ್ ಎಂಬ ಗಣಿತಜ್ಞನು ಮಾಹಿತಿಯನ್ನು ಅಳೆಯುವ ಶಾಸ್ತ್ರವೊಂದನ್ನು ಪ್ರಕಟಿಸಿದನು. ಸಮಾನ ಸಂಭವವುಳ್ಳ ಎರಡು ಉತ್ತರಗಳಲ್ಲಿ ಒಂದನ್ನು ಆರಿಸಿಕೊಡುವಷ್ಟು ಮಾಹಿತಿಗೆ ‘ಬಿಟ್’ ಎಂದು ಹೆಸರು. ಆ ಅಳತೆಯಲ್ಲಿ ಹೇಳುವುದಾದರೆ, ಕನ್ನಡದಿಂದ ರೋಮನ್ನಿಗೆ ದಾಟುವಾಗ ‘ಆಳಂದ’ ಎಂಬ ಪುಟ್ಟ ಹೆಸರು ಐದು ಬಿಟ್ ಮಾಹಿತಿಯನ್ನು ದಾರಿಯಲ್ಲಿ ಕಳೆದುಕೊಂಡಿದೆ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದು ಅಪರಿಚಿತವಾದ ಸಂಗತಿಯಲ್ಲ. ಸಮಪ್ರಮಾಣದ ಬಿಸಿನೀರು ತಣ್ಣೀರುಗಳನ್ನು ಬೆರೆಸಿದಾಗ ಮಿಶ್ರಣದ ಉಷ್ಣತೆ 60 ಡಿಗ್ರಿ ಬಂದಿತೆನ್ನೋಣ. ಬೆರೆಸಿದ್ದು 90 ಮತ್ತು 30 ಡಿಗ್ರಿಯ ನೀರೇ, 80 ಮತ್ತು 40ರದೇ, 70 ಮತ್ತು 50ರದೇ? ಮಿಶ್ರಣವನ್ನು ಎಷ್ಟು ನಿಖರವಾದ ಉಷ್ಣತಾಮಾಪಕದಿಂದ ಅಳೆದರೂ ಉತ್ತರ ಸಿಗದು. ಅಳೆಯುವ ಸಾಧನದಲ್ಲಿ ಕೊರತೆಯಿಲ್ಲ. ಉತ್ತರವೇ ಅಲ್ಲಿ ಉಳಿದಿಲ್ಲ. ಹಲವು ಸ್ಥಿತಿಗಳು ಒಂದೇ ಸ್ಥಿತಿಗೆ ಬಂದು ಸೇರಿದ ಮೇಲೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ‘ಲ’ ‘ಳ’ಗಳೆರಡೂ ‘ಎಲ್’ ಅಕ್ಷರದಲ್ಲಿ ಬೆರೆತಾಗ ಆಗುವುದೂ ಇದೇ.

ರೋಮನ್ ಲಿಪಿಯಲ್ಲಿ ‘ಳ’ವನ್ನು ಉಳಿಸಿಕೊಳ್ಳಲು ಸಾಧ್ಯವೇ ಇಲ್ಲವೆಂದಲ್ಲ. 2001ರ ‘ಐಎಸ್‌ಒ 15919’ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ‘ಎಲ್’ ಅಕ್ಷರದ ಕೆಳಗೆ ಚುಕ್ಕಿಯಿಟ್ಟರೆ ಅದು ‘ಳ’. ಸ್ವರದ ಮೇಲೆ ಅಡ್ಡಗೆರೆ ಎಳೆದರೆ ಅದು ದೀರ್ಘ. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಸಣ್ಣ ‘ಎಲ್’ ಒತ್ತಿದರೆ ‘ಲ’, ದೊಡ್ಡ ‘ಎಲ್’ ಒತ್ತಿದರೆ ‘ಳ’. ಎರಡೂ ಪದ್ಧತಿಗಳಲ್ಲಿ ಭೇದವು ಭದ್ರವಾಗಿದೆ. ಆದರೆ ಅರ್ಜಿಯ ನಮೂನೆಗಳಲ್ಲಿ ಹೆಸರನ್ನೆಲ್ಲ ದೊಡ್ಡಕ್ಷರಗಳಲ್ಲಿಯೇ ಬರೆಯಬೇಕೆಂದು ಕೇಳುವುದು ಸಾಮಾನ್ಯ. ಚುಕ್ಕಿ ಗೆರೆಗಳನ್ನು ಕಿತ್ತುಹಾಕುವ ಯಂತ್ರಗಳೂ ಹಲವು. ಫಿನ್ಲೆಂಡ್ ದೇಶಕ್ಕೆ ಸೇರಿದ ಓಲಾಂಡ್ ಎಂಬ ದ್ವೀಪಸ್ತೋಮವೊಂದಿದೆ. ಅದರ ಮೊದಲ ಅಕ್ಷರವು ನೆತ್ತಿಯ ಮೇಲೆ ಸಣ್ಣ ಉಂಗುರವನ್ನು ಹೊತ್ತ ‘ಎ’. ಉಂಗುರ ಕಿತ್ತುಹೋದೊಡನೆ ಬಾಲ್ಟಿಕ್ ಸಮುದ್ರದ ದ್ವೀಪಗಳ ಹೆಸರೂ ನಮ್ಮ ಆಳಂದದ ಹೆಸರೂ ಐದೂ ಅಕ್ಷರಗಳಲ್ಲಿ ಒಂದೇ ಆಗಿಬಿಡುತ್ತವೆ!

ಉರ್ದುವಿನ ದಾರಿ

ಉರ್ದು ಲಿಪಿಯು ಬ್ರಾಹ್ಮಿಯ ಮನೆತನದ್ದಲ್ಲ. ಅರಬ್ಬೀ ಪಾರಸೀ ವಂಶದ್ದು. ಇಲ್ಲಿ 896ರಂತಹ ಮಂತ್ರಸಂಖ್ಯೆ ಕೆಲಸಕ್ಕೆ ಬಾರದು. ‘ಳ’ಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲದುದರಿಂದ ಆಳಂದದಲ್ಲಿ ‘ಲಾಮ್’ ಎಂಬ ಅಕ್ಷರವನ್ನೇ ಬಳಸಬೇಕು. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಓದುವವನು ಮಾತನ್ನು ಬಲ್ಲವನಾಗಿದ್ದು ತುಂಬಿಕೊಳ್ಳಬೇಕು. ಜೇವರ್ಗಿಯನ್ನು ಜೀಮ್, ಯೇ, ವಾವ್, ರೇ, ಗಾಫ್, ಯೇ ಎಂಬ ಆರು ಅಕ್ಷರಗಳಲ್ಲಿ ಬರೆಯಬಹುದು. ನಡುವಿನ ‘ಯೇ’ ಎಂಬುದು ಏ, ಈ, ಐ, ಯ್ ಯಾವುದೂ ಆಗಬಹುದು; ‘ವಾವ್’ ಎಂಬುದು ವ್, ಊ, ಓ, ಔ ಯಾವುದೂ ಆಗಬಹುದು. ಊರನ್ನು ಕಂಡವನಿಗೆ ಸಂಶಯವಿಲ್ಲ. ಕಾಣದವನಿಗೆ ಅದು ಒಗಟು.

ಹಾಗೆಂದು ಉರ್ದು ಲಿಪಿಯು ಬಡವಾದುದೆಂದು ಭಾವಿಸಲಾಗದು. ಝೇಂಕಾರದ ‘ಜ’ ಧ್ವನಿಗೆ ಅದರಲ್ಲಿ ಜಾಲ್, ಜೇ, ಜ್ವಾದ್, ಜೋಯ್ ಎಂಬ ನಾಲ್ಕು ಮುಖ್ಯ ಅಕ್ಷರಗಳಿವೆ. ಅಫ್ಜಲ್ ಎಂಬುದನ್ನು ‘ಜ್ವಾದ್’ ಅಕ್ಷರದಿಂದಲೇ ಬರೆಯಬೇಕು. ಕನ್ನಡಕ್ಕೆ ಬಂದಾಗ ನಾಲ್ಕೂ ‘ಜ’ಕಾರದಲ್ಲಿ ಬೆರೆತುಹೋಗುತ್ತವೆ. ಆಳಂದದ ‘ಳ’ವನ್ನು ಉರ್ದು ಕಳೆಯಿತು, ಅಫಜಲಪುರದ ‘ಜ್ವಾದ್’ ಅನ್ನು ಕನ್ನಡ ಕಳೆಯಿತು. ಯಾವ ಲಿಪಿಯೂ ಪೂರ್ಣವಲ್ಲ. ಪ್ರತಿಯೊಂದೂ ತನ್ನ ಮಾತಿನ ಮಟ್ಟಿಗೆ ಸಮೃದ್ಧ, ಇತರ ಮಾತಿನ ಮಟ್ಟಿಗೆ ಮಿತ.

ಊಹಿಸುವ ಯಂತ್ರ

ಕಳೆದುಹೋದುದನ್ನು ನಿಯಮದಿಂದ ಪಡೆಯಲಾಗದಿದ್ದರೆ ಊಹೆಯಿಂದ ಪಡೆಯಬಹುದಲ್ಲವೆ? ಈಗಿನ ಯಂತ್ರಗಳು ಹಿಡಿದಿರುವ ದಾರಿ ಇದೇ. ಲಕ್ಷಗಟ್ಟಲೆ ಪದಗಳನ್ನು ಎರಡೂ ಲಿಪಿಗಳಲ್ಲಿ ಒದಗಿಸಿ, ಯಾವ ಅಕ್ಷರದ ನೆರೆಯಲ್ಲಿ ಯಾವುದು ಹೆಚ್ಚಾಗಿ ಬರುತ್ತದೆಂಬುದನ್ನು ಯಂತ್ರಕ್ಕೆ ಕಲಿಸಲಾಗುತ್ತದೆ. ಮದರಾಸಿನ ಐಐಟಿಯ ‘ಎಐ ಫಾರ್ ಭಾರತ್’ ತಂಡವು 2022ರಲ್ಲಿ ಪ್ರಕಟಿಸಿದ ‘ಅಕ್ಷರಾಂತರ್’ ಎಂಬ ಸಂಗ್ರಹದಲ್ಲಿ 21 ಭಾರತೀಯ ಭಾಷೆಗಳ ಸುಮಾರು 2 ಕೋಟಿ 60 ಲಕ್ಷ ಪದಜೋಡಿಗಳಿವೆ. ಇಂತಹ ಯಂತ್ರವು ಮೂವತ್ತೆರಡು ಸಾಧ್ಯತೆಗಳನ್ನು ತೂಗಿ ನೋಡಿ, ಹೆಚ್ಚು ಸಂಭವನೀಯವಾದುದನ್ನು ಮುಂದಿಡುತ್ತದೆ.

ಸಂಭವನೀಯವಾದುದು ನಿಜವೇ ಆಗಿರಬೇಕೆಂಬ ನಿಯಮವಿಲ್ಲ. ಪ್ರಸಿದ್ಧವಾದ ಹೆಸರುಗಳಲ್ಲಿ ಊಹೆ ಬಹುಮಟ್ಟಿಗೆ ಫಲಿಸುತ್ತದೆ. ಎಲ್ಲಿಯೂ ಅಚ್ಚಾಗದ ಹಳ್ಳಿಯ ಹೆಸರು, ಅಜ್ಜನಿಂದ ಮೊಮ್ಮಗನಿಗೆ ಇಳಿದುಬಂದ ಅಪರೂಪದ ಹೆಸರು ಎದುರಾದಾಗ ಯಂತ್ರವು ತಾನು ಹೆಚ್ಚು ಕಂಡಿರುವ ಹೆಸರಿನ ಕಡೆಗೇ ಒಲಿಯುತ್ತದೆ. ದೊಡ್ಡ ಊರಿನ ಹೆಸರಿಗೆ ನ್ಯಾಯ ಸಿಗುವುದು, ಸಣ್ಣ ಹಳ್ಳಿಯ ಹೆಸರು ಸವೆಯುವುದು.

ಹೆಸರಿನ ಬೆಲೆ

ಇದರಿಂದಾಗುವ ನಷ್ಟವೇನು ಎಂದು ಕೇಳಬಹುದು. ಒಬ್ಬ ರೈತನ ಹೆಸರು ಮಾಳಪ್ಪ ಎಂದಿಟ್ಟುಕೊಳ್ಳೋಣ. ಅವನ ಹೊಲದ ಪಹಣಿಯಲ್ಲಿ ಹೆಸರು ಕನ್ನಡದಲ್ಲಿದೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಗಣಕಯಂತ್ರಕ್ಕೇರಿದ ಸುಮಾರು ಎರಡು ಕೋಟಿ ಪಹಣಿಗಳಿಗೆ ಕನ್ನಡವೇ ಆಧಾರ. ಬ್ಯಾಂಕಿನ ಪುಸ್ತಕದಲ್ಲಿ ಹೆಸರು ರೋಮನ್ ಲಿಪಿಯಲ್ಲಿದೆ. ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷ ಪರಿಹಾರದ ಪಟ್ಟಿ ಸಿದ್ಧವಾಗುವಾಗ ಯಾವುದೋ ಯಂತ್ರವು ರೋಮನ್ ಹೆಸರನ್ನು ಕನ್ನಡಕ್ಕೆ ತಿರುಗಿಸಿ ‘ಮಲಪ್ಪ’ ಎಂದು ಬರೆಯುತ್ತದೆ. ಮತ್ತೊಂದು ಯಂತ್ರವು ಪಹಣಿಯ ‘ಮಾಳಪ್ಪ’ನನ್ನೂ ಪಟ್ಟಿಯ ‘ಮಲಪ್ಪ’ನನ್ನೂ ಹೋಲಿಸಿ ನೋಡಿ, ಇವರಿಬ್ಬರು ಬೇರೆ ಬೇರೆ ಎಂದು ತೀರ್ಮಾನಿಸುತ್ತದೆ. ಲಿಪಿಗಳ ನಡುವೆ ಕಳೆದುಹೋದ ಎರಡು ಬಿಟ್ ಮಾಹಿತಿಗಾಗಿ ಮಾಳಪ್ಪನು ಬಿತ್ತನೆಯ ದಿನಗಳಲ್ಲಿ ಕೆಲಸ ಬಿಟ್ಟು ತಾಲ್ಲೂಕಿನ ಕಚೇರಿಗೆ ಅಲೆಯಬೇಕಾಗುವುದು.

ಇದನ್ನು ತಪ್ಪಿಸುವ ಉಪಾಯವು ಮೇಲಿನ ಚರ್ಚೆಯಿಂದಲೇ ಹೊಳೆಯುತ್ತದೆ. ಮೊದಲನೆಯದಾಗಿ, ಹೆಸರು ಯಾವ ಭಾಷೆಯದೋ ಆ ಭಾಷೆಯ ಲಿಪಿಯಲ್ಲಿರುವ ಬರಹವನ್ನೇ ಮೂಲವೆಂದು ಯಂತ್ರದಲ್ಲಿ ಕಾಪಾಡಬೇಕು. ಇತರ ಲಿಪಿಗಳ ರೂಪಗಳನ್ನು ಬೇಕೆನಿಸಿದಾಗ ಅದರಿಂದ ಪಡೆಯಬೇಕೇ ಹೊರತು ಅವುಗಳಿಂದ ಮೂಲವನ್ನು ಪಡೆಯಲು ಹೋಗಬಾರದು. ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುವುದು, ಏರಿನಲ್ಲಿ ಹರಿಯದು. ಲಿಪ್ಯಂತರಕ್ಕೂ ಇಂತಹದೊಂದು ದಿಕ್ಕು ಉಂಟು. ಎರಡನೆಯದಾಗಿ, ಎರಡು ಹೆಸರುಗಳನ್ನು ಹೋಲಿಸುವಾಗ ಯಂತ್ರವು ಉದಾರವಾಗಿರಬೇಕು. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬಾತನು 1918ರಲ್ಲಿಯೇ ‘ಸೌಂಡೆಕ್ಸ್’ ಎಂಬ ಪದ್ಧತಿಗೆ ಹಕ್ಕುಪತ್ರ ಪಡೆದಿದ್ದನು. ಉಚ್ಚಾರದಲ್ಲಿ ಹತ್ತಿರದ ಅಕ್ಷರಗಳನ್ನು ಒಂದೇ ಗುಂಪಿಗೆ ಹಾಕಿ ಹೆಸರುಗಳನ್ನು ಹುಡುಕುವ ವಿಧಾನವದು. ಕನ್ನಡದಲ್ಲಿಯೂ ‘ಲ’ ‘ಳ’ಗಳನ್ನು, ಹ್ರಸ್ವ ದೀರ್ಘಗಳನ್ನು ಹೋಲಿಕೆಯ ಮಟ್ಟಿಗೆ ಒಂದೇ ಎಂದು ಎಣಿಸಿ, ಸಂಶಯ ಬಂದಲ್ಲಿ ಮನುಷ್ಯನ ತೀರ್ಪಿಗೆ ಬಿಡಬಹುದು. ಬರೆದಿಡುವಾಗ ಕಟ್ಟುನಿಟ್ಟು, ಹೋಲಿಸುವಾಗ ಔದಾರ್ಯ, ಇವೆರಡೂ ಜೊತೆಯಲ್ಲಿರಬೇಕು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವನ್ನು ಸೂಚಿಸಿ ಮುಗಿಸುತ್ತೇವೆ. ನಿಮ್ಮ ಊರಿನ ಹೆಸರನ್ನೂ ನಿಮ್ಮ ಹೆಸರನ್ನೂ ಕನ್ನಡದಲ್ಲಿ ಬರೆದು, ರೋಮನ್ ಲಿಪಿಗೆ ತಿರುಗಿಸಿ. ಊರನ್ನೂ ನಿಮ್ಮನ್ನೂ ಅರಿಯದ ಒಬ್ಬ ಗೆಳೆಯನಿಂದಲೋ ಯಂತ್ರದಿಂದಲೋ ಅದನ್ನು ಮರಳಿ ಕನ್ನಡಕ್ಕೆ ಬರೆಸಿ ನೋಡಿ. ಹೊರಟ ಹೆಸರು ಹೊರಟಂತೆಯೇ ಮನೆಗೆ ಮರಳಿತೆ? ಮರಳದಿದ್ದರೆ ಎಷ್ಟು ಪ್ರಶ್ನೆಗಳ ಉತ್ತರ ಕಳೆಯಿತು, ಎಷ್ಟು ಬಿಟ್ ಸೋರಿತು ಎಂದು ಲೆಕ್ಕಹಾಕಿ. ದಾಟಿಹೋದ ಮೇಲೆ ಮರಳಿ ಬರಬಲ್ಲ ಲಿಪ್ಯಂತರವನ್ನೇ ದಾಖಲೆಗೆ ನಂಬಬಹುದು; ಮಿಕ್ಕವು ಓದಿ ಮರೆಯುವ ಫಲಕಗಳಿಗೆ ಸಾಕು. ಆಳಂದದ ‘ಳ’ಕಾರಕ್ಕೆ ಗಣಕಯಂತ್ರಗಳ ಜಗತ್ತಿನಲ್ಲಿ 3251 ಎಂಬ ಸ್ಥಾನವು 1991ರಿಂದಲೂ ಮೀಸಲಾಗಿದೆ. ಅದನ್ನು ಬಿಟ್ಟುಕೊಡದೆ ಬಳಸುವುದು ಮುಂದಿನ ಕ್ರಮವಿಧಿಗಳನ್ನು ಬರೆಯಲಿರುವವರ ಕೆಲಸ.